ಕಾಪುವಿನವರೆಲ್ಲ ಪಾಸು

ಟೀಚರ್ ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ಕಬಡ್ಡಿ ಪಂದ್ಯಾಟದ ಫ್ಲೆಕ್ಸಿನಲ್ಲಿ ಶುಭ ಕೋರುವವರ ಮುಖಗಳನ್ನು ಸಾಲಾಗಿ ಕೂರಿಸುತ್ತಿದ್ದೆ. ಉಡುಪಿಯ ಆ ಅಂಗಡಿಯಲ್ಲಿ ನನಗೆ ಅದೇ ಕೆಲಸ. ಫೋನು ಮಾಡಿದವರು ಟೀಚರ್ ಬಾಡಿಗೆಗಿದ್ದ ಮನೆಯ ಯಜಮಾನಿ. "ನಿಮ್ಮ ಟೀಚರ್ ಹೋದ್ರು. ಬೆಳಿಗ್ಗೆ ಹಾಲು ತರ್ಲಿಕ್ಕೆ ಅಂತ ಇಳಿದವರು ಮೆಟ್ಟಿಲಲ್ಲೇ ಕೂತ್ರು. ಡಾಕ್ಟ್ರು ಬರುವಾಗ ಎಲ್ಲ ಮುಗಿದಿತ್ತು" ಎಂದರು. ಒಬ್ಬ ಪುಢಾರಿಯ ಮುಖ ಅರ್ಧ ಕತ್ತರಿಸಿದ್ದು ಹಾಗೆಯೇ ಪರದೆಯ ಮೇಲೆ ಉಳಿಯಿತು. ಅಂಗಡಿಯವರಿಗೆ ಒಂದು ಮಾತು ಹೇಳಿ ಕಡಿಯಾಳಿಯ ಆ ಮನೆಗೆ ಹೊರಟೆ.

ಟೀಚರ್ ಎಂದರೆ ನನಗೆ ಶಾಲೆಯಲ್ಲಿ ಕಲಿಸಿದವರಲ್ಲ. ನಾವಿಬ್ಬರೂ ಮಣಿಪಾಲದ ಒಂದು ಸಣ್ಣ ಕಂಪನಿಯಲ್ಲಿ ವರ್ಷಗಟ್ಟಲೆ ಎದುರುಬದುರು ಮೇಜಿನಲ್ಲಿ ಕೂತವರು. ಬೇರೆ ಬೇರೆ ಸಂಸ್ಥೆಗಳ ನೌಕರರಿಗೆ ತರಬೇತಿಯ ಪಾಠ ಮಾಡಿಕೊಡುವುದು ಅಲ್ಲಿ ನಮ್ಮ ವಿಭಾಗದ ಕಸುಬು. ಹೊಸ ಯಂತ್ರ ಬಂದರೆ ಹೇಗೆ ನಡೆಸುವುದು, ಹೊಸಬರು ಸೇರಿದರೆ ಮೊದಲು ಏನು ಕಲಿಯಬೇಕು, ಇಂಥವು. ತೊಂಬತ್ತರ ದಶಕದ ಕೊನೆಯಲ್ಲಿ ಅದನ್ನು ಪುಸ್ತಕ ಮಾಡಿ ಕೊಡುತ್ತಿದ್ದೆವು, ಆಮೇಲೆ ಸೀಡಿಯಲ್ಲಿ, ಕೊನೆಗೆ ಇಂಟರ್ನೆಟ್ಟಿನಲ್ಲಿ. ಪಾಠದ ಯೋಜನೆ ಟೀಚರದು, ಚಿತ್ರ ನನ್ನದು. ಅವರ ಹುದ್ದೆಗೆ ಕಂಪನಿಯ ಕಾಗದದಲ್ಲಿ ಉದ್ದದ ಹೆಸರೊಂದು ಇತ್ತು, ಅದನ್ನು ಯಾರೂ ಪೂರ್ತಿ ಹೇಳಿದ್ದು ನಾನು ಕೇಳಿಲ್ಲ. ಕಾರ್ಕಳದ ಒಂದು ಕನ್ನಡ ಶಾಲೆಯಲ್ಲಿ ಅವರು ಮೊದಲು ಟೀಚರಾಗಿದ್ದರು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಹೆಸರು ಮಾತ್ರ ಅವರ ಜೊತೆ ಮಣಿಪಾಲಕ್ಕೆ ಬಂತು, ನಮ್ಮ ಧಣಿಗಳೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು.

ಸಪೂರ ಹೆಂಗಸು. ಕಾಟನ್ ಸೀರೆ, ಗಡಿಯಾರದ ಮುಖ ಮಣಿಕಟ್ಟಿನ ಒಳಬದಿಗೆ. ಸಿಟ್ಟು ಮೂಗಿನ ತುದಿಯಲ್ಲಿ. ನಾನು ಬಿಡಿಸಿದ ಚಿತ್ರ ಯಾವುದೂ ಮೊದಲ ಸಲಕ್ಕೆ ಅವರಿಗೆ ಹಿಡಿಸುತ್ತಿರಲಿಲ್ಲ. "ಈ ಗಿರಾಕಿ ಎಂತಕ್ಕೆ ಹೀಗೆ ಹಲ್ಲು ಬಿಡ್ತಿದ್ದಾನೆ? ಬೇಂಕಿನಲ್ಲಿ ಸಾಲು ನಿಂತವ ಹೀಗೆ ನಗ್ತಾನಾ? ಅವನಿಗೆ ಬಸ್ಸು ತಪ್ಪುತ್ತದೆ ಮಾರಾಯ, ಅವನ ಮುಖದಲ್ಲಿ ಆ ಬಸ್ಸು ಕಾಣ್ಬೇಕು" ಎನ್ನುತ್ತಿದ್ದರು. ನಾನು ಗೊಣಗಿಕೊಂಡು ಪುನಃ ಬಿಡಿಸುತ್ತಿದ್ದೆ. ಎರಡನೆಯ ಸಲ ಚಿತ್ರ ಚೆನ್ನಾಗಿ ಬರುತ್ತಿತ್ತು, ಅದು ಇನ್ನೂ ಸಿಟ್ಟು ಬರಿಸುವ ಸಂಗತಿ.

ನಮ್ಮ ಕೋಣೆಯಲ್ಲಿ ಒಂದು ಪ್ರಶ್ನೆಗೆ ನಿಷೇಧ ಇತ್ತು. ನಾನು ಸೇರಿದ ಹೊಸತರಲ್ಲಿ ಟೀಚರಿಗೆ ಚಿತ್ರ ಜೋಡಿಸುವ ಕ್ರಮ ತೋರಿಸಿಕೊಟ್ಟು, "ಅರ್ಥ ಆಯ್ತಾ ಟೀಚರೇ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದೊಂದನ್ನು ಕೇಳ್ಬೇಡ. ನಮ್ಮ ಊರಿನಲ್ಲಿ ಆ ಪ್ರಶ್ನೆಗೆ ಉತ್ತರ ಒಂದೇ. ಅರ್ಥ ಆಗದಿದ್ರೂ ಆಯ್ತು ಅಂತಾರೆ, ಹೇಳಿಕೊಟ್ಟವನಿಗೆ ಬೇಜಾರಾಗ್ಬಾರ್ದು ಅಂತ. ಈಗ ನೀನು ಕಲಿಯುವವ, ನಾನು ಕಲಿಸುವವಳು. ನಾನು ತಪ್ಪಿದಲ್ಲಿ ನಿಲ್ಸು." ಹಾಗೆ ಹೇಳಿ ನಾನು ಕಲಿಸಿದ್ದನ್ನೇ ನನಗೆ ಕಲಿಸತೊಡಗಿದರು. ನಡುವೆ ಎರಡು ಕಡೆ ತಪ್ಪಿದರು. ನೋಡಿದರೆ ಆ ಎರಡೂ ನಾನು ಸರಿಯಾಗಿ ಹೇಳದೆ ಬಿಟ್ಟ ಜಾಗಗಳು.

ಬಂದ ಗಿರಾಕಿಗಳನ್ನು ತಿರುಗಿ ಕಳಿಸುವುದು ಅವರ ಇನ್ನೊಂದು ಚಾಳಿ. ಉಡುಪಿಯ ಒಂದು ಲಾಡ್ಜಿನವರು, ಕೋಣೆ ಚೊಕ್ಕ ಮಾಡುವ ಹುಡುಗರಿಗೆ ಪಾಠ ಬೇಕು ಎಂದು ಬಂದಿದ್ದರು. ಆ ಹೊತ್ತಿಗಾಗಲೇ ಇಂಟರ್ನೆಟ್ಟಿನಲ್ಲಿ ಪಾಠ ಕಟ್ಟುವ ಹೊಸ ಸಾಧನಗಳು ಸಿಗಲು ಸುರುವಾಗಿತ್ತು. ಯಾರು ಬೇಕಾದರೂ ನಾಲ್ಕು ಫೋಟೋ, ನಾಲ್ಕು ಸಾಲು, ನಾಲ್ಕು ಪ್ರಶ್ನೆ ಹಾಕಿದರೆ ಪಾಠ ಸಿದ್ಧ. ಕಲಿತವರಿಗೆ ಮಾರ್ಕನ್ನೂ ಆ ಸಾಧನವೇ ಕೊಡುತ್ತದೆ. ಟೀಚರ್ ಲಾಡ್ಜಿನವರನ್ನು ಕೂರಿಸಿಕೊಂಡು ಕೇಳಿದರು: "ಹುಡುಗ ತಪ್ಪು ಮಾಡಿದ್ರೆ ಯಾರಿಗೆ ಪೆಟ್ಟು?" ಅವರು ಯೋಚನೆ ಮಾಡಿ, "ಪೆಟ್ಟು ಎಂತದು, ಹಾಸಿಗೆ ಬಟ್ಟೆ ಪುನಃ ಹಾಸಿದ್ರಾಯ್ತು" ಎಂದರು. "ಹಾಗಾದ್ರೆ ನಾವು ಎಂತಕ್ಕೆ? ಆ ಸಾಧನ ತಗೊಳ್ಳಿ, ನೀವೇ ಮಾಡಿ. ನಿಮಗಿಂತ ಚಂದ ನಾವು ಮಾಡ್ಲಿಕ್ಕಿಲ್ಲ" ಎಂದು ಚಾ ಕುಡಿಸಿ ಕಳಿಸಿಬಿಟ್ಟರು. ಧಣಿಗಳು ತಲೆ ಮೇಲೆ ಕೈ ಹೊತ್ತು ಕೂತರು. ಯಾರಿಗಾದರೂ ಪೆಟ್ಟು ಬೀಳುವ ಕೆಲಸವಾದರೆ ಮಾತ್ರ ಪಾಠ ಕಟ್ಟಲು ಬಲ್ಲವರು ಬೇಕು, ಉಳಿದದ್ದು ಅವರವರೇ ಮಾಡಿಕೊಳ್ಳಲಿ. ಇದು ಟೀಚರ ಅಳತೆಗೋಲು. ಆ ಅಳತೆಯಲ್ಲಿ ನಮ್ಮ ವಿಭಾಗಕ್ಕೆ ಕೆಲಸ ಕಡಿಮೆಯಾಗುತ್ತಾ ಬಂತು.

ಎರಡು ಸಾವಿರದ ಆರೋ ಏಳೋ ಇರಬೇಕು, ಧಣಿಗಳು ನಮ್ಮನ್ನೆಲ್ಲ ಕರೆದು ಕೂರಿಸಿ ಮುಚ್ಚುಮರೆ ಇಲ್ಲದೆ ಹೇಳಿದರು. ಒಂದು ಸಹಕಾರಿ ಸಂಘ ತನ್ನ ಶಾಖೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದೆ. ಸಿಬ್ಬಂದಿಗೆ ತರಬೇತಿ ಬೇಕು. ಆ ಕೆಲಸ ಸಿಕ್ಕಿದರೆ ಪಾಠದ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುವುದು. ನನಗೆ ಆಗ ಇಬ್ಬರು ಸಣ್ಣ ಮಕ್ಕಳು. ನಾನು ಟೀಚರ ಮುಖ ನೋಡಿದೆ. "ಇದು ನಾವು ಮಾಡ್ಬೇಕಾದ ಕೆಲಸ" ಎಂದರು ಅವರು. "ಕೌಂಟರಿನಲ್ಲಿ ತಪ್ಪಾದ್ರೆ ಪಾಸ್‌ಬುಕ್ಕು ಹಿಡ್ಕೊಂಡು ಬಂದ ಮುದುಕಿಗೆ ಪೆಟ್ಟು."

ಸಂಘದ ಕಾರ್ಯದರ್ಶಿಗೆ ನಮ್ಮ ಅಗತ್ಯ ಕಂಡಿರಲಿಲ್ಲ. ಅವರು ಚುರುಕು ಮನುಷ್ಯ, ಕೆಟ್ಟವರಲ್ಲ. "ನಮ್ಮ ಕೆಲಸ ನಮಗೆ ಗೊತ್ತುಂಟು. ನಿಯಮ ಬದಲಾದ್ರೆ ಅದೇ ದಿನ ನಾನೇ ತಿದ್ದಬಹುದು, ನಿಮ್ಮನ್ನು ಕಾಯ್ಲಿಕ್ಕಿಲ್ಲ. ಹೊರಗಿನವರಿಗೆ ನಮ್ಮ ಕೆಲಸ ಅರ್ಥ ಮಾಡಿಸುವಷ್ಟರಲ್ಲಿ ನಾನೇ ಪಾಠ ಬರೆದು ಮುಗಿಸ್ತೇನೆ" ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನಿಲ್ಲ. ಕಡೆಗೆ ಅಧ್ಯಕ್ಷರು ಒಂದು ರಾಜಿ ಮಾಡಿದರು. ಕಾಪುವಿನ ಶಾಖೆಗೆ ಕಾರ್ಯದರ್ಶಿ ತಾವೇ ಆ ಸಾಧನದಲ್ಲಿ ಪಾಠ ಮಾಡುವುದು, ಕಾರ್ಕಳದ ಶಾಖೆಗೆ ಟೀಚರ್ ಮಾಡುವುದು. ಎರಡನ್ನೂ ನೋಡಿ ತೀರ್ಮಾನ. ಜೊತೆಗೆ ಇನ್ನೊಂದು ಠರಾವು ಆಗಿತ್ತು: ಈ ತರಬೇತಿಯಲ್ಲಿ ಪಾಸಾಗದ ಹಳಬರನ್ನು ಮನೆಗೆ ಕಳಿಸುವುದು. ಸ್ವಯಂನಿವೃತ್ತಿ ಎಂದು ಅದಕ್ಕೆ ಮರ್ಯಾದೆಯ ಹೆಸರು.

ಕಾರ್ಯದರ್ಶಿಗಳ ಪಾಠ ವಾರದೊಳಗೆ ಸಿದ್ಧವಾಯಿತು. ಟೀಚರ್ ಕಾರ್ಕಳದ ಬಸ್ಸು ಹತ್ತಿದವರು ತಿಂಗಳಾದರೂ ಇಳಿಯುವ ಲಕ್ಷಣ ಕಾಣಲಿಲ್ಲ. ಶಾಖೆಯ ಮೂಲೆಯಲ್ಲಿ ಕುರ್ಚಿ ಹಾಕಿ ನೋಡುತ್ತಾ ಕೂರುವುದು, ಕ್ಲಾರ್ಕುಗಳು ಎಲ್ಲಿ ತಡವರಿಸುತ್ತಾರೆ, ಯಾರ ಹತ್ತಿರ ಕೇಳುತ್ತಾರೆ, ಗಿರಾಕಿ ರೇಗಿದರೆ ಕೈ ಎಲ್ಲಿ ತಪ್ಪುತ್ತದೆ ಎಂದು ಗಮನಿಸುವುದು. "ಇವರು ಪಾಠ ಮಾಡ್ಲಿಕ್ಕೆ ಬಂದದ್ದಾ, ಚಾ ಕುಡಿಲಿಕ್ಕೆ ಬಂದದ್ದಾ?" ಎಂದು ಸಂಘದ ನಿರ್ದೇಶಕರೊಬ್ಬರು ಧಣಿಗಳಿಗೆ ಫೋನು ಮಾಡಿದರು. ಟೀಚರ್ ಮಾಡಿದ ಪಾಠದಲ್ಲಿ ಓದುವುದು ಕಮ್ಮಿ, ಮಾಡುವುದು ಹೆಚ್ಚು. ಪರದೆಯ ಮೇಲೆ ಗಿರಾಕಿ ಬರುತ್ತಾನೆ, ಅವಸರ ಮಾಡುತ್ತಾನೆ, ಸಹಿ ಹೊಂದುವುದಿಲ್ಲ. ಕಲಿಯುವವರು ಆ ಗಿರಾಕಿಯನ್ನು ಸುಧಾರಿಸಿ ಕಳಿಸಬೇಕು. ತಪ್ಪಿದರೆ ಪುನಃ ಮೊದಲಿನಿಂದ. ಬಸ್ಸು ತಪ್ಪುವ ಮುಖಗಳನ್ನು ಬಿಡಿಸಿ ಬಿಡಿಸಿ ನನ್ನ ಕೈ ಸೋತಿತು.

ಫಲಿತಾಂಶ ಬಂತು. ಕಾಪುವಿನವರೆಲ್ಲ ಪಾಸು, ಅದೂ ಪೂರ್ತಿ ಮಾರ್ಕು. ಕಾರ್ಕಳದಲ್ಲಿ ಅರ್ಧಕ್ಕರ್ಧ ಜನ ಇನ್ನೂ ದಾಟಿರಲಿಲ್ಲ.

ನನಗೆ ಗಾಬರಿಯಾಯಿತು. ಟೀಚರಿಗೆ ಆಗಲಿಲ್ಲ. "ಕಲಿಯುವಾಗ ತಪ್ಪದವ ಕೌಂಟರಿನಲ್ಲಿ ತಪ್ಪುತ್ತಾನೆ. ಅದನ್ನು ಮೀಟಿಂಗಿನಲ್ಲಿ ನಾನು ಹೇಳ್ತೇನೆ. ಅದಕ್ಕೆ ಮೊದಲು ಕಾಪುವಿಗೆ ಒಮ್ಮೆ ಹೋಗಿ ಬರ್ತೇನೆ" ಎಂದು ಹೋದರು. ಮರುದಿನ ಆಫೀಸಿಗೆ ಬಂದು ಕಾರ್ಕಳದ ಪಾಠದ ಕಾಗದಗಳನ್ನೆಲ್ಲ ಕಟ್ಟಿ ಕಪಾಟಿನಲ್ಲಿಟ್ಟರು. ಕಾಪು ಹೇಗುಂಟು ಟೀಚರೇ ಎಂದರೆ, "ಒಳ್ಳೆಯ ಜನ" ಎಂದರು, ಅಷ್ಟೇ.

ಮೀಟಿಂಗು ಆದಿ ಉಡುಪಿಯಲ್ಲಿ, ಮಾರುಕಟ್ಟೆ ಪ್ರಾಂಗಣದ ಹತ್ತಿರದ ಸಂಘದ ಕಚೇರಿಯಲ್ಲಿ ನಡೆಯಿತು. ಧಣಿಗಳು, ಟೀಚರ್, ನಾನು ಮೂವರು ಹೋಗಿದ್ದೆವು. ಕಾರ್ಯದರ್ಶಿಗಳು ಮಾರ್ಕುಗಳನ್ನು ಗೋಡೆಯ ಮೇಲೆ ತೋರಿಸಿದರು. ಅಧ್ಯಕ್ಷರು ತಿರುಗಿ, "ಟೀಚರೇ, ನೀವು ಎಂತ ಹೇಳ್ತೀರಿ?" ಎಂದು ಕೇಳಿದರು. ಈಗ ಮಾತಾಡುತ್ತಾರೆ ಎಂದು ನಾನು ಕುರ್ಚಿಯ ತುದಿಗೆ ಬಂದೆ. ಟೀಚರ್ ಗಡಿಯಾರವನ್ನು ಮಣಿಕಟ್ಟಿನಲ್ಲಿ ಒಂದು ಸುತ್ತು ತಿರುಗಿಸಿದರು.

"ಪಾಸಾದವರನ್ನು ಇನ್ನು ತೆಗೆಯುದಿಲ್ಲ ಅಲ್ವಾ?"

"ಪಾಸಾದವರನ್ನು ತೆಗೆಯುದು ಎಂತಕ್ಕೆ?" ಅಧ್ಯಕ್ಷರು ನಕ್ಕರು.

"ಕಾರ್ಕಳದವರಿಗೂ ಇನ್ನೊಂದು ಅವಕಾಶ ಕೊಡಿ, ಕಾರ್ಯದರ್ಶಿಗಳ ಪಾಠದಲ್ಲಿ."

"ಕೊಡುವಾ. ಮತ್ತೆ?"

"ಮತ್ತೆ ನನಗೆ ಹೇಳ್ಲಿಕ್ಕೆ ಎಂತದ್ದೂ ಇಲ್ಲ. ತೀರ್ಮಾನ ನಿಮ್ಮದು."

ಚಾ ಬಂತು, ಕುಡಿದೆವು, ಎದ್ದು ಬಂದೆವು. ಸಂಘ ಆ ಸಾಧನವನ್ನೇ ಆರಿಸಿತು. ಕಾರ್ಕಳದವರೂ ಒಂದೇ ವಾರದಲ್ಲಿ ಎಲ್ಲರೂ ಪಾಸಾದರು ಎಂದು ಆಮೇಲೆ ಗೊತ್ತಾಯಿತು. ನಮ್ಮ ವಿಭಾಗ ಆ ಮಳೆಗಾಲಕ್ಕೆ ಮುಚ್ಚಿತು. ಧಣಿಗಳು ಮಾತಿಗೆ ತಪ್ಪುವವರಲ್ಲ, ಮುಚ್ಚುತ್ತೇನೆ ಎಂದ ಮಾತಿಗೂ ತಪ್ಪಲಿಲ್ಲ. ನನಗೆ ಫ್ಲೆಕ್ಸ್ ಅಂಗಡಿ ಸಿಕ್ಕಿತು. ಇಲ್ಲಿ ಎಲ್ಲರೂ ಹಲ್ಲು ಬಿಟ್ಟೇ ಇರಬೇಕು.

ಟೀಚರಿಗೆ ಬೇರೆ ಕೆಲಸ ಸಿಗಲಿಲ್ಲ. ಕಡಿಯಾಳಿಯ ಆ ಮಹಡಿಯ ಕೋಣೆಯಲ್ಲಿ ಸಂಜೆ ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದರು. ನಾನು ಆಗಾಗ ಹೋಗುತ್ತಿದ್ದೆ. ಸೀರೆಗಳು ಹಳತಾಗುತ್ತಿದ್ದವು, ಮಾತು ಮಾತ್ರ ಹಾಗೆಯೇ. ಒಮ್ಮೆ ನನಗೆ ತಡೆಯಲಾಗದೆ ಕೇಳಿಬಿಟ್ಟೆ: "ಆ ದಿನ ನೀವು ಬಾಯಿ ಬಿಟ್ಟಿದ್ರೆ ನಾವೆಲ್ಲ ಉಳೀತಿದ್ದೆವು. ಎಂತಕ್ಕೆ ಸುಮ್ಮನಾದ್ರಿ ಟೀಚರೇ?" ಅವರು ಟ್ಯೂಶನ್ ಮಕ್ಕಳ ಪುಸ್ತಕಗಳನ್ನು ಜೋಡಿಸಿಟ್ಟರು. "ನಿನ್ನ ಮಕ್ಕಳು ಹೇಗಿದ್ದಾರೆ? ಒಮ್ಮೆ ಕರ್ಕೊಂಡು ಬಾ" ಎಂದರು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕೆಲವು ತಿಂಗಳು ಆ ಕಡೆ ಹೋಗಲಿಲ್ಲ. ಆದಿತ್ಯವಾರ ಹೋದರೆ ಅವರು ಮನೆಯಲ್ಲಿ ಸಿಗುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ದೇವಸ್ಥಾನಕ್ಕೋ, ಪೆರ್ಡೂರಿನ ತಮ್ಮನ ಮನೆಗೋ ಹೋಗಿರಬಹುದು ಎಂದುಕೊಂಡಿದ್ದೆ.

ಆ ತಮ್ಮನೇ ಈಗ ಪೆರ್ಡೂರಿನಿಂದ ಬಂದು ಅಂಗಳದಲ್ಲಿ ಫೋನು ಹಿಡಿದು ತಿರುಗುತ್ತಿದ್ದ. ಕ್ರಿಯೆಗಳೆಲ್ಲ ಊರಿನಲ್ಲಿ, ಗಾಡಿ ಬರಲಿಕ್ಕಿತ್ತು. ಟೀಚರನ್ನು ಕೆಳಗೆ ಯಜಮಾನಿಯ ಮನೆಯ ಚಾವಡಿಯಲ್ಲಿ ಮಲಗಿಸಿದ್ದರು. ಕನ್ನಡಕ ಇಲ್ಲದ ಆ ಮುಖ ಯಾರದೋ ಎಂಬಂತಿತ್ತು. ನನಗೆ ಅಳು ಬಂತು, ಹೊರಗೆ ಬಂದು ಗೋಡೆಯ ಹತ್ತಿರ ನಿಂತೆ. ಅಲ್ಲಿ ಒಬ್ಬಳು ಹೆಂಗಸು ನನಗಿಂತ ಜೋರಾಗಿ ಅಳುತ್ತಿದ್ದಳು. ಮೂವತ್ತರ ಒಳಗಿನ ಪ್ರಾಯ. ಸಂಬಂಧಿಕರೇ ಎಂದು ಕೇಳಿದೆ. "ಅಲ್ಲ ಅಣ್ಣ. ನಾನು ಪ್ರತಿಮಾ, ಕಾಪುವಿನ ಸೊಸೈಟಿಯಲ್ಲಿ ಇದ್ದೇನೆ" ಎಂದಳು. ಕಾಪು ಎಂದ ಕೂಡಲೇ ನನ್ನ ಹಳೆಯ ಸಿಟ್ಟು ಎದ್ದು ಕೂತಿತು. ನಾನು ಟೀಚರ ಜೊತೆ ಕೆಲಸ ಮಾಡಿದವ, ನಿಮ್ಮ ಶಾಖೆಯವರು ಪೂರ್ತಿ ಮಾರ್ಕು ತೆಗೆದದ್ದರಿಂದ ಕೆಲಸ ಕಳಕೊಂಡವ ಎಂದು ಹೇಳಿಯೇಬಿಟ್ಟೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ತುಳುವಿನಲ್ಲಿ ಸಣ್ಣ ದನಿಯಲ್ಲಿ ಹೇಳತೊಡಗಿದಳು. ಆ ಮಾರ್ಕು ಶಾಖೆಯದ್ದಲ್ಲ, ಅವಳೊಬ್ಬಳದ್ದು. ಎಲ್ಲರ ಹೆಸರಿನಲ್ಲಿ ಅವಳೇ ಕೂತು ಪರೀಕ್ಷೆ ಬರೆದಿದ್ದಳು. ಅದರಲ್ಲಿ ಮೋಸ ಉಂಟು ಎಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ. ಮದುವೆಗೆ ಆಫೀಸಿನಿಂದ ಒಬ್ಬರು ಹೋಗಿ ಎಲ್ಲರ ಉಡುಗೊರೆ ಕೊಟ್ಟು ಬರುವ ಹಾಗೆ, ಕಂಪ್ಯೂಟರಿನಲ್ಲಿ ಕೈ ಓಡುವವಳು ಅವಳು, ಅವಳು ಮಾಡಿದಳು. ಅದರಲ್ಲೂ ಶೀನಣ್ಣ ಎಂಬ ಹಿರಿಯ ಕ್ಲಾರ್ಕು ಒಬ್ಬರಿದ್ದರು. ಮೌಸು ಹಿಡಿದರೆ ಅವರ ಕೈ ನಡುಗುತ್ತಿತ್ತು. ಇವಳು ಕೆಲಸಕ್ಕೆ ಸೇರಿದಾಗ ಮಗಳಂತೆ ನೋಡಿಕೊಂಡವರು. ಅವರು ಫೇಲಾದರೆ ಮನೆಗೆ ಕಳಿಸುತ್ತಾರೆ ಎಂದು ಎಲ್ಲರಿಗೂ ತಿಳಿದಿತ್ತು.

"ಟೀಚರ್ ಬಂದ ದಿನ ನಾನು, ರಜೆಯಲ್ಲಿದ್ದು ಫಲಿತಾಂಶದ ಪಟ್ಟಿಗೆ ಸೇರದೆ ಉಳಿದ ಒಬ್ಬರ ಪರೀಕ್ಷೆ ಬರೀತಿದ್ದೆ ಅಣ್ಣ. ಹಿಂದೆ ಬಂದು ನಿಂತದ್ದು ಗೊತ್ತಾಗ್ಲಿಲ್ಲ. ಪರದೆಯಲ್ಲಿ ಹೆಸರು ಬೇರೆ, ಕೂತದ್ದು ನಾನು. ಶೀನಣ್ಣನ ಸಂಗತಿ ಎಲ್ಲ ಅವರಿಗೆ ಹೇಳಿಬಿಟ್ಟೆ. ಅವರು ಎಂತ ಹೇಳಿದ್ರು ಗೊತ್ತುಂಟಾ? 'ನೀನು ಬರೆದದ್ದು ಪರೀಕ್ಷೆ ಮಾತ್ರ ಮಗಾ. ನಾಳೆ ಕೌಂಟರಿನಲ್ಲಿ ಅವರೇ ಕೂರ್ಬೇಕಲ್ಲ' ಅಂತ. ಮತ್ತೆ, 'ನಾನು ಯಾರಿಗೂ ಹೇಳುದಿಲ್ಲ, ನೀನೂ ಹೇಳ್ಬೇಡ' ಅಂದ್ರು. ಹೇಳಿದ್ರೆ ನಿಮ್ಮ ಕೆಲಸ ಉಳೀತಿತ್ತು ಅಂತ ನಮಗೆ ಯಾರಿಗೂ ಗೊತ್ತಿರ್ಲಿಲ್ಲ. ಆಣೆ ಮಾಡ್ತೇನೆ."

ನನಗೆ ಚಾವಡಿಯ ಕಡೆ ತಿರುಗಿ ಟೀಚರ ಜೊತೆ ಜಗಳ ಮಾಡಬೇಕು ಅನಿಸಿತು. ನೀವು ಬಿಟ್ಟದ್ದು ನಿಮ್ಮ ಕೆಲಸ ಮಾತ್ರ ಅಲ್ಲವಲ್ಲ, ನನ್ನದೂ. ಕಾಪುವಿನ ಒಬ್ಬ ಗುರುತಿಲ್ಲದ ಕ್ಲಾರ್ಕಿನ ಎದುರು ನನ್ನ ಮಕ್ಕಳನ್ನು ತೂಗಿ ನೋಡುವಾಗ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಯೋಚಿಸಿದೆ. ಖಂಡಿತ ಬೇಡ ಎನ್ನುತ್ತಿದ್ದೆ. ಮೀಟಿಂಗಿನಲ್ಲಿ ಎದ್ದು ನಿಂತು ನಾನೇ ಹೇಳಿಬಿಡುತ್ತಿದ್ದೆ. ಅದು ಅವರಿಗೆ ತಿಳಿದಿತ್ತು. ಅದಕ್ಕೇ ನನಗೆ ಹೇಳಲಿಲ್ಲ. ಇವತ್ತಿಗೂ ಅವರು ಮಾಡಿದ್ದು ಸರಿ ಎಂದು ನಾನು ಒಪ್ಪುವುದಿಲ್ಲ. ಆದರೆ ಅವರ ಹಾಗೆ ಮಾಡುವವರು ಇನ್ನೊಬ್ಬರು ನನ್ನ ಬದುಕಿನಲ್ಲಿ ಬರುವುದಿಲ್ಲ ಎಂದು ಆ ಗೋಡೆಗೆ ಒರಗಿ ನಿಂತಾಗ ಗೊತ್ತಾಯಿತು, ಅದು ತುಂಬ ನೋಯಿಸಿತು.

"ಮತ್ತೆ ಆ ಶೀನಣ್ಣ?" ಎಂದೆ. "ಕೌಂಟರಿನಲ್ಲಿ ಹೇಗೆ ಸುಧಾರಿಸಿದ್ರು?"

ಪ್ರತಿಮಾ ಗೇಟಿನ ಕಡೆ ನೋಡಿದಳು. ಬಿಳಿ ಶರಟು, ಬಿಳಿ ಪಂಚೆಯ ಹಿರಿಯರೊಬ್ಬರು ಚಪ್ಪಲಿ ಕಳಚುತ್ತಿದ್ದರು. ಕೈಯಲ್ಲಿ ತುಳಸಿಯ ಮಾಲೆ. "ಅವರೇ" ಎಂದಳು. "ಅವರ ಹತ್ತಿರ ಈ ಮಾತು ಎತ್ತಬೇಡಿ ಅಣ್ಣ, ದಮ್ಮಯ್ಯ."

ಅವರು ಒಳಗೆ ಹೋಗಿ ಮಾಲೆ ಇಟ್ಟು, ಕೈಮುಗಿದು, ಹೊರಗೆ ಬಂದು ನಮ್ಮ ಪಕ್ಕದಲ್ಲಿ ನಿಂತರು. ನಾನು ಟೀಚರ ಹಳೆಯ ಸಹೋದ್ಯೋಗಿ ಎಂದು ಪ್ರತಿಮಾ ಹೇಳಿದಳು. ಅವರಿಗೆ ಸಮಾಧಾನವಾದಂತೆ ಕಂಡಿತು. ಮಾತಾಡಲು ಒಬ್ಬರು ಬೇಕಾಗಿತ್ತು ಅವರಿಗೆ.

"ಪಾಪ, ಕೆಲಸ ಹೋದ ಮೇಲೆ ಬಹಳ ಕಷ್ಟ ಇತ್ತು ಟೀಚರಿಗೆ" ಎಂದರು ಶೀನಣ್ಣ. "ಹೊಸ ಪಾಠ ಒಂದು ತಯಾರು ಮಾಡ್ತೇನೆ, ಸೊಸೈಟಿಗಳಿಗೆ ಮಾರ್ಬೇಕು, ಅದರ ತಪ್ಪು ಹುಡುಕಿ ಕೊಡ್ಲಿಕ್ಕೆ ಅನುಭವ ಇದ್ದವರು ಒಬ್ಬರು ಬೇಕು ಅಂತ ನನ್ನ ಹತ್ತಿರ ಬಂದ್ರು. ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. ಆದ್ರೂ ಒಬ್ಬಂಟಿ ಹೆಂಗಸು, ಇಲ್ಲ ಅನ್ಲಿಕ್ಕೆ ಮನಸ್ಸು ಬರ್ಲಿಲ್ಲ. ಪ್ರತಿ ಆದಿತ್ಯವಾರ ಕಾಪು ಪೇಟೆಯ ಇಂಟರ್ನೆಟ್ ಅಂಗಡಿಯಲ್ಲಿ ಕೂರ್ತಿದ್ದೆವು. ಪ್ರತಿ ವಾರ ತಪ್ಪು ಇರ್ತಿತ್ತು ಮಾರಾಯ್ರೆ! ಅಷ್ಟು ಕಲಿತವರು, ಖಾತೆ ನಂಬ್ರ ಒಂದು ಕಡೆ ತಪ್ಪು, ತಾರೀಕು ಒಂದು ಕಡೆ ತಪ್ಪು. ನಾನು ಹುಡುಕಿ ಹುಡುಕಿ ಕೊಡ್ತಿದ್ದೆ. ಹೇಗೆ ಗೊತ್ತಾಯ್ತು ಶೀನಣ್ಣ, ಸರಿ ಮಾಡಿ ತೋರಿಸಿ ಅನ್ತಿದ್ರು. ಮಾಡಿ ತೋರಿಸ್ತಿದ್ದೆ."

"ಈಗ ನಿಮಗೆ ಕಂಪ್ಯೂಟರು..." ಎಂದೆ.

"ಈಗ ಹೊಸಬರು ಬಂದ್ರೆ ನಾನೇ ಅಲ್ವಾ ತೋರಿಸಿಕೊಡುದು. ಕೇಳಿ ಇವಳ ಹತ್ತಿರ." ಪ್ರತಿಮಾ ತಲೆ ಆಡಿಸಿದಳು, ಮುಖ ಎತ್ತಲಿಲ್ಲ. ಅವರು ಅವಳ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಸರಿದು ದನಿ ತಗ್ಗಿಸಿದರು. "ಒಂದು ಸಂಗತಿ ಹೇಳ್ತೇನೆ, ನೀವು ಯಾರಿಗೂ ಹೇಳ್ಬೇಡಿ. ಆ ಮೊದಲಿನ ಪರೀಕ್ಷೆ ನಾನು ಬರೆದದ್ದಲ್ಲ. ಟೀಚರಿಗೆ ಅದು ಗೊತ್ತಿರ್ಲಿಲ್ಲ, ನನ್ನ ಪುಣ್ಯ. ಗೊತ್ತಿದ್ರೆ ನನ್ನಂಥವನ ಹತ್ತಿರ ಸಹಾಯ ಕೇಳ್ತಿದ್ರಾ?"

ಗಾಡಿ ಬಂತು. ತಮ್ಮ ಕೂಗಿದ. ಎತ್ತಲು ಜನ ಬೇಕಿತ್ತು.

"ಇಲ್ಲ ಶೀನಣ್ಣ, ಅವರಿಗೆ ಗೊತ್ತಿರ್ಲಿಲ್ಲ" ಎಂದೆ ನಾನು. "ನಿಮ್ಮಿಂದ ಅವರಿಗೆ ಬಹಳ ಉಪಕಾರ ಆಯ್ತು."

ಅವರು ಕಣ್ಣೊರೆಸಿಕೊಂಡು, ಪಂಚೆ ಎತ್ತಿ ಕಟ್ಟಿ, ನನ್ನ ಜೊತೆ ಒಳಗೆ ಬಂದರು. ಅವರು ತಲೆಯ ಕಡೆ ಹಿಡಿದರು, ನಾನು ಕಾಲಿನ ಕಡೆ ಹಿಡಿದೆ.